ಏಳನೇ ನಂಬರಿನ ಬಿಳಿ ಚುಕ್ಕೆ

ಚನ್ನಪಟ್ಟಣ
ಗುರುವಾರ, 6 ಜುಲೈ 2006

ನನ್ನ ಕೆಂಪಿ ಚಿಕ್ಕಮ್ಮನಿಗೆ,

ನನ್ನ ಗಂಡ ಸುಳ್ಳುಗಾರ ಅಲ್ಲ ಚಿಕ್ಕಮ್ಮ, ಅಲ್ಲವೇ ಅಲ್ಲ, ಸಾಕ್ಷಿ ಸಿಕ್ಕಿಬಿಟ್ಟಿದೆ, ನಾಲ್ಕು ದಿನದಿಂದ ಈ ಒಂದು ಮಾತು ನನ್ನ ನಾಲಿಗೆಯ ತುದಿಯಲ್ಲೇ ಕುಣಿಯುತ್ತಿದೆ.

ಫೋನ್ ಮಾಡಿ ಹೇಳೋಣವೆಂದರೆ ಮದುವೆಯ ಮಾತು ಗಟ್ಟಿಯಾದ ದಿನದಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ. ಇ-ಮೇಲ್ ಹಾಕಿದರೆ ಮೊದಲು ನಿನ್ನ ಆಫೀಸಿನವರು ಓದುತ್ತಾರೆ, ಇದು ಅವರು ಓದುವಂಥದ್ದಲ್ಲ. ಅದಕ್ಕೇ ಈ ಪತ್ರ, ಅದೂ ಕನ್ನಡದಲ್ಲಿ. ಕಾನ್ವೆಂಟ್ ಹುಡುಗಿಯ ಒತ್ತಕ್ಷರಗಳು ಅಲ್ಲಲ್ಲಿ ಜಾರಿದರೆ ಸಹಿಸಿಕೋ. "ಶ್ವೇತಾ, ನೀನು ಇಂಗ್ಲಿಷಲ್ಲಿ ಬರದ್ರೆ ಸುಳ್ಳನ್ನೂ ಚೆಂದಾಗಿ ಬರೀತೀಯ, ನಿಜ ಹೇಳೋದಿದ್ರೆ ಕನ್ನಡದಲ್ಲಿ ಬರಿ" ಎಂದು ಹೇಳುತ್ತಿದ್ದವಳು ನೀನೇ. ಇದು ನಿಜ. ಮತ್ತು ಈ ನಿಜದಲ್ಲಿ ನನ್ನ ಪಾಲೂ ಇದೆ, ಅದಕ್ಕೇ ಪೆನ್ನು ಒಮ್ಮೆ ಓಡುತ್ತದೆ, ಒಮ್ಮೆ ನಿಲ್ಲುತ್ತದೆ.

ಕಳೆದ ಡಿಸೆಂಬರಿನಲ್ಲಿ ಕೈಲಾಂಚದಿಂದ ಅವರು ನನ್ನನ್ನು ನೋಡಲು ಬಂದ ಮರುದಿನ, ಹುಡುಗನ ಹೆಸರು ನಟರಾಜು ಎಂದು ಅಮ್ಮ ಫೋನಿನಲ್ಲಿ ಹೇಳಿದ್ದೇ ತಡ, ನೀನು ಕ್ಲಾಸು ಬಿಟ್ಟು ಬೆಂಗಳೂರಿನಿಂದ ರೈಲು ಹತ್ತಿ ಬಂದೆಯಲ್ಲ, ಆ ಮಧ್ಯಾಹ್ನ ನನಗೆ ಚೆನ್ನಾಗಿ ನೆನಪಿದೆ. ಅಡುಗೆಮನೆಯಲ್ಲಿ ಮಣೆ ಎಳೆದುಕೊಂಡು ಕೂತು, ಕೊಟ್ಟ ಕಾಫಿಯನ್ನು ಮುಟ್ಟದೆ, "ಆ ಹುಡುಗ ಬೇಡ ಅಕ್ಕ" ಎಂದೆ. ಅಮ್ಮ ಕೇಳಿದಳು, "ತಪ್ಪೇ ಮಾಡ್ದೆ ಇರೋರು ಯಾರವ್ರೆ ಹೇಳು ಕೆಂಪಿ?" ನೀನು ಹೇಳಿದೆ, "ತಪ್ಪು ಮಾಡಿದ್ದಕ್ಕಲ್ಲ. ಮಾಡೇ ಇಲ್ಲ ಅಂತ ನನ್ನ ಮುಖ ನೋಡ್ಕೊಂಡು ಹೇಳ್ದ ನೋಡು, ಅದಕ್ಕೆ."

ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಕೇಳಿಸಿಕೊಂಡೂ ಒಪ್ಪಿದೆ. ಯಾಕೆಂದು ನೀನು ಒಂದು ಸಲವೂ ಕೇಳಲಿಲ್ಲ, ಈಗ ಹೇಳುತ್ತೇನೆ. ನಿಮ್ಮದು ಏನು ಕೆಲಸ ಎಂದು ನಾನು ಕೇಳಿದಾಗ ಅವರು, ಬಿಡದಿಯ ಕಾರ್ಖಾನೆಯಲ್ಲಿ ಎಂಜಿನಿಯರ್ ಎಂದು ಎದೆ ಉಬ್ಬಿಸದೆ, "ಬಿರುಕು ಹುಡ್ಕೋದು" ಎಂದರು. ಸಾಲಾಗಿ ಬರುವ ಕಬ್ಬಿಣದ ಬಿಡಿಭಾಗಗಳ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ನೋಡಿ ಎಲ್ಲಿ ಕೂದಲೆಳೆಯಷ್ಟು ಸೀಳು ಬಿಟ್ಟಿದೆ ಎಂದು ಹೇಳುವುದು. ಅಷ್ಟು ಹೇಳಿ ಉಪ್ಪಿಟ್ಟಿನ ತಟ್ಟೆಯನ್ನೇ ನೋಡುತ್ತಾ ಕೂತರು. ನಾನು ಕರಗಿಹೋದೆ. ಆಮೇಲೆ ತಿಳಿಯಿತು, ಅದೂ ನಿನ್ನ ವಿದ್ಯೆಯೇ. ಮಿದುಳಿನ ಚಿತ್ರ ನೋಡಲು ನೀನು ಕಲಿಸಿದ ಕಣ್ಣಿನಲ್ಲಿ ಅವರು ಕಬ್ಬಿಣ ನೋಡುತ್ತಿದ್ದರು.

ಮಾರ್ಚಿನಲ್ಲಿ ರಾಮನಗರದ ಛತ್ರದಲ್ಲಿ ತಾಳಿ ಕಟ್ಟಿಸಿಕೊಳ್ಳುವ ಹೊತ್ತಿನಲ್ಲೂ ಬಾಗಿಲ ಕಡೆ ನೋಡುತ್ತಿದ್ದೆ. ನೀನು ಬರಲಿಲ್ಲ. ನಿನ್ನ ಮಾತು ಮಾತ್ರ ಬಂದು ನನ್ನ ಪಕ್ಕ ಹಸೆಮಣೆಯಲ್ಲಿ ಕೂತಿತ್ತು.

ಚಿಕ್ಕಮ್ಮ, ನಿನ್ನ ಕೈಯಲ್ಲಿ ಬೆಳೆದವಳಿಗೆ ಅನುಮಾನ ಸುಲಭಕ್ಕೆ ಬಿಡುತ್ತದೆಯೇ. ನಾನಿನ್ನೂ ಫ್ರಾಕಿನಲ್ಲಿದ್ದಾಗ ನೀನು ಪರದೇಶದಿಂದ ವಾಪಸು ಬಂದು ಡಾಕ್ಟರುಗಳಿಗೂ ಎಂಜಿನಿಯರುಗಳಿಗೂ ಒಟ್ಟಿಗೆ ಪಾಠ ಶುರು ಮಾಡಿದ್ದೆ. ತಲೆಯನ್ನು ಕೊಯ್ಯದೆಯೇ ಯಂತ್ರ ಹೇಗೆ ಹೋಳು ಹೋಳಾಗಿ ಚಿತ್ರ ತೆಗೆಯುತ್ತದೆ ಎಂದು ತೋರಿಸಲು ಅಕ್ಕೂರಿನ ಮನೆಯಲ್ಲಿ ಬಿಸಿ ಮುದ್ದೆಯನ್ನು ದಾರದಿಂದ ಸೀಳಿ ಸಾಲಾಗಿ ಇಟ್ಟೆ. ಅಂಕಮ್ಮಜ್ಜಿ ಬೈದಳು, "ಮುದ್ದೆ ಆಟದ ಸಾಮಾನೇನೇ? ಅಷ್ಟು ಓದಿ ಇದಾ ಕಲ್ತು ಬಂದಿದ್ದು." ಆಮೇಲೆ ನನ್ನನ್ನು ಕರೆದುಕೊಂಡು ಇಲ್ಲಿಯ ಪೀರ್ ಸಾಬರ ಬೊಂಬೆ ಅಂಗಡಿಗೆ ಬಂದೆ. ಅವರು ಕಡಗೋಲಿನಷ್ಟು ದಪ್ಪದ ಗೂಟಕ್ಕೆ ಒಂಬತ್ತು ಮರದ ಬಿಲ್ಲೆಗಳನ್ನು ಏರಿಸಿ, ಅರಗಿನ ಬಣ್ಣ ಹಚ್ಚಿ, ಒಂದು ತಲೆ ಮಾಡಿಕೊಟ್ಟರು. ಬಿಲ್ಲೆ ತೆಗೆದರೆ ಹೋಳು, ಏರಿಸಿದರೆ ತಲೆ. ಪೂರ್ತಿ ಮುಗಿದ ಮೇಲೆ ನೀನು ಅದರ ಬಲಗಡೆಗೆ ಒಂದು ಕೆಂಪು ಚುಕ್ಕೆ ಇಡಿ ಎಂದೆ. "ಬೊಂಬೆಗೆ ಎಡ ಏನಮ್ಮ, ಬಲ ಏನು, ಎಂಗೆ ತಿರುಗಿಸಿದ್ರೂ ಬೊಂಬೆನೇ" ಎಂದು ಅವರು ನಕ್ಕರು. ನೀನು ನಗಲಿಲ್ಲ. "ಕಂಪ್ಯೂಟರೂ ಹಂಗೇ ಅಂದ್ಕೊಳುತ್ತೆ ಸಾಬ್ರೇ. ಅದನ್ನ ನಂಬ್ಕೊಂಡು ಡಾಕ್ಟ್ರು ಒಬ್ಬರ ತಲೆಯ ತಪ್ಪು ಪಕ್ಕ ತೆಗುದ್ರೆ?" ಎಂದೆ. ಸಾಬರು ಅರಗಿನ ಕಡ್ಡಿ ಕೈಗೆ ತೆಗೆದುಕೊಂಡರು.

ನಿನ್ನ ಇಡೀ ಪಾಠವೇ ಅದು. ಚಿತ್ರವನ್ನು ನಂಬಬೇಡ, ಯಂತ್ರವನ್ನು ನಂಬಬೇಡ, ನಿನ್ನ ಕಣ್ಣನ್ನೂ ನಂಬಬೇಡ, ಗುರುತು ನೋಡು. ಅದಕ್ಕೇ ಯಾರ ತಲೆಯ ಚಿತ್ರ ತೆಗೆಯುವುದಿದ್ದರೂ ನಿನ್ನ ಕೈಯಾರೆ ಅವರ ಹಣೆಯ ಬಲಗಡೆಗೆ ಒಂದು ವಿಟಮಿನ್ ಇ ಮಾತ್ರೆಯನ್ನು ಪ್ಲಾಸ್ಟರ್ ಹಾಕಿ ಅಂಟಿಸುತ್ತಿದ್ದೆ. ಅದರೊಳಗಿನ ಎಣ್ಣೆ ಚಿತ್ರದಲ್ಲಿ ಬೆಳ್ಳಗೆ ಚುಕ್ಕೆಯಾಗಿ ಹೊಳೆಯುತ್ತದೆ. ಚುಕ್ಕೆ ಇದ್ದ ಕಡೆ ಬಲ. ಕಂಪ್ಯೂಟರು ಎಡವನ್ನು ಬಲ ಮಾಡಿದರೆ ಚುಕ್ಕೆ ಸಿಕ್ಕಿಹಾಕಿಕೊಳ್ಳುತ್ತದೆ.

ನನ್ನ ಗಂಡನೂ ಹಾಗೇ ಸಿಕ್ಕಿಹಾಕಿಕೊಂಡದ್ದು. ಮೂರು ವರ್ಷದ ಹಿಂದೆ ನಿನ್ನ ಸಹಾಯಕರಾಗಿ, ಹಳೆಯ ಟೇಪುಗಳಲ್ಲಿದ್ದ ಪಾಠದ ಚಿತ್ರಗಳನ್ನು ಸಿ.ಡಿ.ಗೆ ಇಳಿಸುತ್ತಿದ್ದರು. ಒಂದು ಚಿತ್ರದಲ್ಲಿ ಚುಕ್ಕೆ ಎಡಕ್ಕೆ ಬಂತು. ಮತ್ತೆ ನೋಡೋಣವೆಂದರೆ ಟೇಪಿಗೆ ಬೂಷ್ಟು ಹಿಡಿದು ಅದು ಓಡಲಿಲ್ಲ. ಅಂಟಿಸಿದವಳು ನೀನು, ನಿನ್ನ ಕೈ ತಪ್ಪುವುದಿಲ್ಲ, ಆದ್ದರಿಂದ ತಿರುಗಿಸಿದವನು ಅವನು. ತಿರುಗಿಸಿದೆ ಎಂದು ಒಪ್ಪಿಕೊಂಡಿದ್ದರೆ ನೀನು ಬೈದು ಬಿಟ್ಟುಬಿಡುತ್ತಿದ್ದೆ, ಅಷ್ಟು ನನಗೆ ಗೊತ್ತು. ಅವರು ಒಪ್ಪಲಿಲ್ಲ. ನೀನು ಅವರನ್ನು ಕಳುಹಿಸಿದೆ, ಸಂಶೋಧನೆಗೆ ಸೇರಲು ಬೇಕಾದ ಪತ್ರ ಕೊಡಲಿಲ್ಲ, ಆ ಚಿತ್ರವನ್ನು ನಿನ್ನ ಕೈಪಿಡಿಯಲ್ಲಿ ಅಚ್ಚು ಹಾಕಿಸಿ, ಸಹಾಯಕ ತಪ್ಪು ಮುಚ್ಚಿಟ್ಟರೆ ಹೀಗಾಗುತ್ತದೆ ಎಂದು ವರ್ಷ ವರ್ಷ ಪಾಠ ಮಾಡಿದೆ. ಹೆಸರು ಹಾಕಲಿಲ್ಲ, ನಿಜ. ಆದರೆ ಆ ಕೋಣೆಯಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಇಷ್ಟನ್ನೂ ತಲೆಯಲ್ಲಿ ಹೊತ್ತು ನಾನು ಕೈಲಾಂಚದ ಹೊಸಿಲು ದಾಟಿದೆ. ಹೇಗೆ ಸಂಸಾರ ಮಾಡಿರಬೇಕು ಹೇಳು. ಅವರು ಕೆಲಸಕ್ಕೆ ಹೊರಟರೆ ಬಾಗಿಲಲ್ಲಿ ನಿಂತು ಹಿಪ್ಪುನೇರಳೆ ತೋಟದ ಆಚೆ ಬೈಕು ಮರೆಯಾಗುವ ತನಕ ನೋಡುತ್ತೇನೆ, ಎದೆ ಹೂವಿನ ಹಾಗೆ ಅರಳಿರುತ್ತದೆ. ಒಳಗೆ ಬಂದು ಅವರ ಅಂಗಿಯ ಜೇಬು ನೋಡುತ್ತೇನೆ. ಹೈವೇ ಅಗಲ ಮಾಡುತ್ತಾ ಇದ್ದಾರೆ, ಬಿಡದಿ ಹತ್ತಿರ ಒಂದು ಗಂಟೆ ನಿಂತಿದ್ದೆ ಎಂದರೆ, ಮಾರನೇ ದಿನ ಪಕ್ಕದ ಬೀದಿಯ ಬೈರಪ್ಪನನ್ನು, ನಿನ್ನೆ ದಾರಿ ಕಟ್ಟಿತ್ತಾ ಅಣ್ಣ ಎಂದು ಕೇಳುತ್ತೇನೆ. ತನಗೆ ಸಿಹಿ ಅಷ್ಟಾಗಿ ಸೇರದು ಎಂದು ಅವರು ಹೇಳಿದ ದಿನದಿಂದ ಡಬ್ಬಿಯ ಕಜ್ಜಾಯ ಎಣಿಸುತ್ತಿದ್ದೆ. ಅವರಮ್ಮ ಸಿದ್ದಮ್ಮನವರು ಎಲ್ಲವನ್ನೂ ನೋಡುತ್ತಿದ್ದರು. ಒಂದು ದಿನ ಸೊಪ್ಪು ಬಿಡಿಸುತ್ತಾ ಕೇಳಿದರು, "ಏನವ್ವ, ನನ್ ಮಗನ್ನ ಮದುವೆ ಆಗಿದ್ದೀಯೋ, ಇಲ್ಲ ಅವ್ನ ಮ್ಯಾಲೆ ಪೊಲೀಸ್ ಕೆಲ್ಸಕ್ಕೆ ಸೇರ್ಕಂಡಿದ್ದೀಯೋ?"

ಕಜ್ಜಾಯ ಕಡಿಮೆಯಾಗಲಿಲ್ಲ. ಬೈರಪ್ಪ, ಕಟ್ಟಿತ್ತು ಕಣವ್ವ ಎಂದ. ನನಗೆ ಸಮಾಧಾನವಾಗುವ ಬದಲು, ಇಷ್ಟು ಚೊಕ್ಕಟವಾಗಿರುವವನು ಇನ್ನೇನನ್ನೋ ಮುಚ್ಚಿರಬೇಕು ಎನ್ನಿಸಿತು. ಬೇಕೆಂದೇ ಒಂದು ದಿನ ಹುರುಳಿ ಸಾರಿಗೆ ಉಪ್ಪು ಹಾಕದೆ ಬಡಿಸಿದೆ. ಹೇಗಿದೆ ಎಂದೆ. "ಚೆನ್ನಾಗೈತೆ" ಎಂದು ಎರಡು ಮುದ್ದೆ ಉಂಡರು. ಆಮೇಲೆ ಅವರಮ್ಮ ಒಂದು ತುತ್ತು ಬಾಯಿಗಿಟ್ಟು, "ಅಯ್ಯೋ ಇದಕ್ಕೆ ಉಪ್ಪೇ ತೋರ್ಸಿಲ್ವಲ್ಲವ್ವ" ಎಂದರು. ಸಿಕ್ಕಿದ ಕಳ್ಳನನ್ನು ಹಿಡಿದ ಹಾಗೆ ಹಿಡಿದೆ, ಸುಳ್ಳು ಯಾಕೆ ಹೇಳಿದಿರಿ ಎಂದೆ. "ಸುಳ್ಳಲ್ಲ ಕಣೆ. ಬೆಂದಿತ್ತು, ಹುಳಿ ಹದವಾಗಿತ್ತು. ಉಪ್ಪಿನ ವಿಷ್ಯ ಒಸಿ ಹೇಳ್ಲಿಲ್ಲ ಅಷ್ಟೇಯ" ಎಂದರು.

ಅವತ್ತು ನಿನ್ನ ಮಾತೇ ಗೆದ್ದಿತು ಚಿಕ್ಕಮ್ಮ. ಹೇಳದೆ ಬಿಡುವವನು, ಇವನು ಅಂಥವನೇ ಎಂದುಕೊಂಡೆ. ಅದೇ ಸಿಟ್ಟಿನಲ್ಲಿ ನಿನ್ನ ಹೆಸರನ್ನೂ ತೆಗೆದೆ. ಅವರು ಆ ಚಿತ್ರದ ಕಥೆಯನ್ನು ನೀನು ಹೇಳಿದ ಹಾಗೆಯೇ ಹೇಳಿದರು, ಒಂದು ಮಾತೂ ಹೆಚ್ಚುಕಡಿಮೆ ಇಲ್ಲ. ಕೊನೆಯಲ್ಲಿ ಮಾತ್ರ, "ಹನ್ನೊಂದು ಸಲ ನೋಡ್ದೆ. ನಾನು ತಿರುಗ್ಸಿಲ್ಲ. ಮೇಡಂ ಕೈಯೂ ತಪ್ಪಲ್ಲ. ಹಂಗಾರೆ ಹೆಂಗಾಯ್ತು ಅಂದ್ರೆ ನಂಗೆ ಗೊತ್ತಿಲ್ಲ" ಎಂದರು. ಗೊತ್ತಿಲ್ಲ ಎಂಬುದು ಒಂದು ಉತ್ತರವೇ? ನಾನು ನಂಬಲಿಲ್ಲ. ನಂಬದೆಯೇ ಅವರ ಅಂಗಿಗೆ ಗುಂಡಿ ಹೊಲಿದೆ.

ಆಷಾಢ ಬಂತು. ಹೊಸ ಹೆಂಡತಿ ತವರಿಗೆ ಹೋಗಬೇಕು, ಅಳಿಯ ಈ ತಿಂಗಳು ಅತ್ತೆಮನೆಯ ಹೊಸಿಲು ತುಳಿಯಬಾರದು. ಬಟ್ಟೆ ಜೋಡಿಸಿಕೊಳ್ಳಲು ಅವರ ಹಳೇ ಸೂಟ್‌ಕೇಸ್ ತೆಗೆದಾಗ ತಳದ ಕಾಗದದ ಕೆಳಗೆ ಒಂದು ಸಿ.ಡಿ. ಸಿಕ್ಕಿತು. ಅದರ ಮೇಲೆ ಅವರ ಅಕ್ಷರದಲ್ಲಿ ಮೂರೇ ಸಾಲು. 7. ಕೆಳಗೆ 12-4-97. ಅದರ ಕೆಳಗೆ, ಬಿಸಾಡಬೇಡ.

ಏಪ್ರಿಲ್ ಹನ್ನೆರಡು ನನ್ನ ಹುಟ್ಟಿದ ದಿನ. ಆ ವರ್ಷ ನನಗೆ ಹದಿನಾಲ್ಕು, ಅವರಿಗೆ ಹದಿನೇಳು. ನಾನು ಹುಟ್ಟುಹಬ್ಬ ಮಾಡಿಕೊಳ್ಳುತ್ತಿದ್ದ ದಿನ ಇವರು ಯಾರ ಜೊತೆ ಇದ್ದರು, ಯಾವಳ ಫೋಟೋ ಇದು, ಬಿಸಾಡಬೇಡ ಎಂದು ತನಗೆ ತಾನೇ ಬರೆದುಕೊಳ್ಳುವಷ್ಟು. ಕೇಳಲಿಲ್ಲ. ಸೀರೆಯ ಮಡಿಕೆಯಲ್ಲಿ ಸಿ.ಡಿ. ಅಡಗಿಸಿಕೊಂಡು ತವರಿಗೆ ಬಂದೆ. ಬಸ್ಸಿನ ತನಕ ಬಂದು ಕಿಟಕಿಯ ಬಳಿ ನಿಂತು, ಹುಷಾರು ಎಂದರು. ನಾನು ಮುಖ ತಿರುಗಿಸಿಕೊಂಡೆ. ಪಾಪ, ನಾಚಿಕೆ ಎಂದುಕೊಂಡಿರಬೇಕು.

ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಪೀರ್ ಸಾಬರ ಮೊಮ್ಮಗಳು ಜಾರಾ ಅಂಗಡಿಯ ಪಕ್ಕದಲ್ಲೇ ಬ್ರೌಸಿಂಗ್ ಸೆಂಟರ್ ಇಟ್ಟಿದ್ದಾಳೆ. ಮೂಲೆಯ ಕಂಪ್ಯೂಟರ್ ಕೇಳಿ, ಪರದೆ ಎಳೆದು, ಸಿ.ಡಿ. ಹಾಕಿದೆ. ಒಂದು ಹುಡುಗಿ ಕಾಣಲಿ, ಅಳೋಣ ಎಂದು ಸಿದ್ಧಳಾಗಿದ್ದೆ. ಕಂಡದ್ದು ಕಪ್ಪು ಬಿಳುಪಿನ ಹೋಳುಗಳು, ಸಾಲಿಗೆ ಸಾಲು. ಜಾರಾ ಹೆಗಲ ಮೇಲಿಂದ ಇಣುಕಿ, "ಅಕ್ಕಾ, ಇದೇನು ಹೂಕೋಸಾ?" ಎಂದಳು. ನನಗೆ ನಗು ಬಂದು, ಆ ನಗುವಿನ ಮಧ್ಯೆ ಎಡಗಡೆ ಮೂಲೆಯಲ್ಲಿ ಬೆಳ್ಳಗೆ ಹೊಳೆಯುವ ಒಂದು ಚುಕ್ಕೆ ಕಂಡಿತು. ನಗು ನಿಂತುಹೋಯಿತು.

ಹುಡುಗಿ ಇದ್ದಳು ಚಿಕ್ಕಮ್ಮ. ಆ ಹುಡುಗಿ ನಾನು.

ನಿನಗೆ ನೆನಪಾಗಿರಬೇಕು. ಹುಟ್ಟುಹಬ್ಬಕ್ಕೆ ಏನು ಬೇಕು ಎಂದಾಗ ನಿನ್ನ ಆಸ್ಪತ್ರೆಯ ದೊಡ್ಡ ಮೆಷಿನ್ ನೋಡಬೇಕು ಎಂದೆ. ಪಾಠಕ್ಕೆ ಒಂದು ಆರೋಗ್ಯದ ತಲೆ ಬೇಕಾಗಿತ್ತು, ಅಪ್ಪ ಅಮ್ಮನ ಒಪ್ಪಿಗೆ ಬರೆಸಿಕೊಂಡು ನೀನು ನನ್ನನ್ನು ಕರೆದುಕೊಂಡು ಹೋದೆ. ಅಲ್ಲಿ ಹೆಸರಿಲ್ಲ, ನಂಬರು ಮಾತ್ರ, ನಾನು ಏಳನೆಯವಳು. ಬಟ್ಟೆ ಬದಲಿಸುವ ಕೋಣೆಯಲ್ಲಿ ಓಲೆ, ಬಳೆ ಬಿಚ್ಚಿಸಿ, ಹಣೆಯ ಬಲಗಡೆಗೆ ಮಾತ್ರೆ ಅಂಟಿಸಿ, ಐದು ನಿಮಿಷ ಕೂತಿರು ಎಂದು ಹೇಳಿ ಕಂಪ್ಯೂಟರಿನ ಕೋಣೆಗೆ ಹೋದೆ.

ಅಲ್ಲೊಂದು ಕನ್ನಡಿ ಇತ್ತು.

ಮೆಷಿನ್ ಕೋಣೆಯಲ್ಲಿ ಒಬ್ಬ ಟೆಕ್ನಿಷಿಯನ್ ಇದ್ದ, ಗುಂಗುರು ಕೂದಲಿನವನು. ಬಾಗಿಲ ಸಂದಿಯಿಂದ ನೋಡಿದೆ, ನಾನು ಮಲಗಬೇಕಾದ ಹಲಗೆಯ ಬಲಗಡೆಗೇ ಅವನು ನಿಂತಿದ್ದ. ಗಾಯಕ್ಕೆ ಪಟ್ಟಿ ಹಾಕಿಕೊಂಡವಳ ಹಾಗೆ ಕಾಣುವ ಆ ಬಲಗಡೆಯ ಹಣೆ ಅವನಿಗೆ ಕಾಣುವುದು ನನಗೆ ಬೇಕಿರಲಿಲ್ಲ. ಹದಿನಾಲ್ಕು ವರ್ಷ ಚಿಕ್ಕಮ್ಮ, ನಗಬೇಡ. ಪ್ಲಾಸ್ಟರ್ ಕಿತ್ತೆ, ಮಾತ್ರೆಯನ್ನು ಎಡಗಡೆಗೆ ಅಂಟಿಸಿಕೊಂಡು ಅದರ ಮೇಲೆ ಮುಂದಲೆಯ ಕೂದಲು ಎಳೆದುಕೊಂಡೆ. ಮೆಷಿನ್ನಿನಿಂದ ಹೊರಗೆ ಬಂದ ಮೇಲೆ ನಾನೇ ಅದನ್ನು ಕಿತ್ತು ನಿನ್ನ ಕೈಗೆ ಕೊಟ್ಟೆ. ನೀನು, ಜಾಣೆ, ಒಂಚೂರೂ ಅಲ್ಲಾಡಲಿಲ್ಲ ಎಂದು ಹೇಳಿ ಐಸ್‌ಕ್ರೀಂ ಕೊಡಿಸಿದೆ. ಎಡ ಬಲದ ಪಾಠ ಅಷ್ಟು ಹೊತ್ತಿಗೆ ನೂರು ಸಲ ಕೇಳಿದ್ದೆ. ಹೇಳಬೇಕು ಎಂದು ಐಸ್‌ಕ್ರೀಂ ಅರ್ಧ ಮುಗಿಯುವ ತನಕ ಅನ್ನಿಸುತ್ತಿತ್ತು. ಆಮೇಲೆ ಮರೆತೆ. ಸುಳ್ಳು ಹೇಳಲಿಲ್ಲ, ಹೇಳದೆ ಬಿಟ್ಟೆ, ಅಷ್ಟೇ. ಉಪ್ಪಿನ ವಿಷಯಕ್ಕೆ ನಾನು ಅವರ ಮೇಲೆ ಎಷ್ಟು ಕೂಗಾಡಿದ್ದೆ ನೋಡು.

ಇದು ಕಳೆದ ಶನಿವಾರದ ಮಾತು. ಭಾನುವಾರ ಅವರು ಚನ್ನಪಟ್ಟಣ ಸ್ಟೇಷನ್ನಿಗೆ ಬರುವವರಿದ್ದರು. ಹೊಸಿಲು ತುಳಿಯಬಾರದು, ಸರಿ, ಸ್ಟೇಷನ್ನಿಗೆ ಹೊಸಿಲಿಲ್ಲ. ಅಕ್ಕೂರಿನಿಂದ ಬಂದಿರುವ ಅಂಕಮ್ಮಜ್ಜಿಗೆ ಎಲ್ಲ ಗೊತ್ತು, "ಹೂವ ತರಕ್ಕೆ ಎರಡು ಗಂಟೆ ಹಿಡಿತದಾ ಮಗ, ಹೋಗಿ ಬಾ" ಎನ್ನುತ್ತಾಳೆ. ಹಾಗೆ ಹೋಗಿ ಬೇವಿನ ಮರದ ಕೆಳಗಿನ ಬೆಂಚಿನ ಮೇಲೆ ಕೂತು, ಒಂದೇ ಉಸಿರಿಗೆ ಹೇಳಿದೆ. ಎದ್ದು ಹೋಗುತ್ತಾರೆ ಎಂದುಕೊಂಡೆ. ಒಂದು ಗೂಡ್ಸ್ ಗಾಡಿ ಬಂತು, ಅದರ ಡಬ್ಬಿಗಳನ್ನು ಎಣಿಸುತ್ತಾ ಕೂತರು. ಆಮೇಲೆ, "ಎಲ್ಲಿ ಅಂಟ್ಸಿದ್ದೆ, ತೋರ್ಸು" ಎಂದರು. ಎಡಗಡೆ ಮುಟ್ಟಿ ತೋರಿಸಿದೆ. ಅಲ್ಲಿಗೇ ಬೆರಳಿಟ್ಟು ಹೇಳಿದರು, "ಮೂರು ವರ್ಷ ಈ ಚುಕ್ಕೆ ನೋಡಿದ್ದೀನಿ ಕಣೆ. ಕಣ್ಣು ಮುಚ್ಚಿದ್ರೂ ಇದೇ. ನಿನ್ನ ಹಣೆ ಅಂತ ಗೊತ್ತಿರ್ಲಿಲ್ಲ."

ಬೈಯಲಿಲ್ಲ. ಬೈದಿದ್ದರೆ ಅಳಬಹುದಾಗಿತ್ತು. ಹೊರಡುವಾಗ ಹೇಳಿದ್ದು ಇಷ್ಟೇ, "ಮೇಡಂಗೆ ಹೇಳ್ಬೇಡ. ಆ ಪಾಠನ ಎಷ್ಟೋ ಜನರ ಮುಂದೆ ಮಾಡವ್ರೆ. ಈಗ ಗೊತ್ತಾದ್ರೆ ಅವ್ರಿಗೆ ಕ್ಲಾಸಲ್ಲಿ ನಿಂತ್ಕಳಕ್ಕಾಗಲ್ಲ. ನಂದೇನು, ಕಬ್ಬಿಣ ನೋಡ್ಕೊಂಡು ಚೆನ್ನಾಗೇ ಇದ್ದೀನಲ್ಲ." ಮತ್ತೆ ಚೆನ್ನಾಗೈತೆ. ಮತ್ತೆ ಉಪ್ಪಿಲ್ಲದ ಸಾರು. ಆ ಮಾತನ್ನು ನಂಬಬಾರದು ಎಂದು ಈಗ ನನಗೆ ಗೊತ್ತು, ಅದಕ್ಕೇ ಅವರು ಬೇಡವೆಂದದ್ದನ್ನೇ ಮಾಡುತ್ತಿದ್ದೇನೆ.

ಆ ಸಿ.ಡಿ.ಯನ್ನು ನಿನಗೆ ಒಪ್ಪಿಸದೆ ಇಟ್ಟುಕೊಂಡದ್ದು ಅವರ ತಪ್ಪೇ. ಅದಕ್ಕೆ ಏನು ಬೈಯಬೇಕೋ ಬೈಯಿ. ಉಳಿದದ್ದು ನನ್ನದು.

ನೀನು ಈಗ ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟಿರುತ್ತೀಯ. ಏನು ಯೋಚಿಸುತ್ತಿದ್ದೀಯ ಎಂದೂ ಗೊತ್ತು. ಹೊಸದಾಗಿ ಮದುವೆಯಾದವಳು, ಗಂಡನ ಮೇಲೆ ಪ್ರಾಣ, ಅವನನ್ನು ಉಳಿಸಲು ಒಂದು ಕನ್ನಡಿ, ಒಬ್ಬ ಗುಂಗುರು ಕೂದಲಿನವನನ್ನು ಹುಟ್ಟಿಸಿಕೊಂಡು ಬರೆಯುತ್ತಿದ್ದಾಳೆ ಎಂದು. ಅನುಮಾನಿಸು ಚಿಕ್ಕಮ್ಮ, ದಯವಿಟ್ಟು ಅನುಮಾನಿಸು. ನೀನು ಎಲ್ಲರನ್ನೂ ಅನುಮಾನಿಸಿದೆ. ಯಂತ್ರವನ್ನು, ಟೇಪನ್ನು, ನಿನ್ನ ಕೈಕೆಳಗೆ ಎರಡು ವರ್ಷ ತಲೆ ಬಗ್ಗಿಸಿ ದುಡಿದ ಹುಡುಗನನ್ನು. ಹಲಗೆಯ ಮೇಲೆ ಮಲಗಿದ್ದ ಹುಡುಗಿಯನ್ನು ಮಾತ್ರ ಒಂದು ಸಲವೂ ಕೇಳಲಿಲ್ಲ. ಶ್ವೇತಾ, ಅವತ್ತು ಏನಾದರೂ ಮಾಡಿದೆಯಾ ಎಂದು ಒಂದು ಮಾತು ಕೇಳಿದ್ದರೆ ಹೇಳಿಬಿಡುತ್ತಿದ್ದೆ. ನಿನ್ನ ಪ್ರೀತಿ ನನಗೆ ಗುರುತು ಹಾಕಲು ಮರೆತುಬಿಟ್ಟಿತು. ಇದನ್ನು ದೂರಾಗಿ ಬರೆಯುತ್ತಿಲ್ಲ, ನಿನ್ನ ಆ ನಂಬಿಕೆಯ ಮೇಲೇ ನಾನು ಇಷ್ಟು ದೊಡ್ಡವಳಾದದ್ದು.

ನನ್ನ ಮಾತು ಬೇಡ. ಅದೇ ತಲೆ ನನ್ನ ಹೆಗಲ ಮೇಲೆ ಇನ್ನೂ ಇದೆ. ಒಬ್ಬರ ಮಿದುಳಿನ ಮಡಿಕೆ ಇನ್ನೊಬ್ಬರಿಗೆ ಇರುವುದಿಲ್ಲ, ಎಡದ್ದು ಬಲದ ಹಾಗೆ ಇರುವುದಿಲ್ಲ ಎಂದು ನೀನೇ ಹೇಳುತ್ತಿದ್ದೆ. ಮತ್ತೆ ನನ್ನನ್ನು ಮಲಗಿಸು. ಮಾತ್ರೆಯನ್ನು ನಿನ್ನ ಕೈಯಾರೆ ಬಲಗಡೆಗೆ ಅಂಟಿಸು, ಮೆಷಿನ್ನಿನೊಳಗೆ ಹೋಗುವ ತನಕ ನನ್ನ ಕೈ ಎರಡನ್ನೂ ಹಿಡಿದುಕೊಂಡು ನಿಲ್ಲು. ಆಮೇಲೆ ಹಳೆಯದರ ಪಕ್ಕ ಹೊಸದನ್ನು ಇಟ್ಟು ನೋಡು. ಮಡಿಕೆಗಳು ಅದಲುಬದಲಾಗಿದ್ದರೆ ತಿರುಗಿಸಿದ್ದು ಅವರು, ನಾನು ಸುಳ್ಳುಗಾರನ ಸುಳ್ಳುಗಾತಿ ಹೆಂಡತಿ, ಇನ್ನೆಂದೂ ನಿನಗೆ ಮುಖ ತೋರಿಸುವುದಿಲ್ಲ. ಮಡಿಕೆಗೆ ಮಡಿಕೆ ಕೂತು ಚುಕ್ಕೆ ಮಾತ್ರ ಜಾಗ ಬಿಟ್ಟಿದ್ದರೆ, ನೀನು ಅವರಿಗೆ ಒಂದು ಪತ್ರ ಬರೆಯಬೇಕು. ಮೂರು ವರ್ಷದ ಹಿಂದೆ ಬರೆಯಬೇಕಾಗಿದ್ದ ಪತ್ರ. ಕೈಪಿಡಿಯ ಆ ಪುಟವನ್ನು ಹರಿಯಬೇಡ. ಸಹಾಯಕನ ಜಾಗದಲ್ಲಿ ನನ್ನ ಹೆಸರು ಹಾಕು, ಪೂರ್ತಿ ಹೆಸರು.

ಅವರಿಗೆ ಇದೊಂದೂ ಗೊತ್ತಿಲ್ಲ. ಬೆಂಗಳೂರಿನಲ್ಲಿ ಆಷಾಢದ ರಿಯಾಯಿತಿಯಲ್ಲಿ ಸೀರೆ ಕೊಡಿಸಿ ಎಂದು ಹೇಳಿದ್ದೇನೆ. ನಾನು ಇಲ್ಲಿ ರೈಲು ಹತ್ತುತ್ತೇನೆ, ಅವರು ಕಾರ್ಖಾನೆಗೆ ರಜೆ ಹಾಕಿ ರಾಮನಗರದಲ್ಲಿ ಅದೇ ಬೋಗಿ ಹತ್ತುತ್ತಾರೆ. ನಮ್ಮ ಮನೆಯಲ್ಲಿ ಸುಳ್ಳು ಹೇಳುವವರು ಯಾರು ಎಂದು ಈಗಲಾದರೂ ನಿನಗೆ ತಿಳಿದಿರಬೇಕು. ಪ್ಲಾಟ್‌ಫಾರಂ ಮೇಲೆ ನಿನ್ನನ್ನು ಕಂಡು ಅವರು ಹಿಂದೆ ಸರಿದರೆ ನಾನು ತೋಳು ಹಿಡಿದುಕೊಳ್ಳುತ್ತೇನೆ. ನೀನು ಹಿಂದೆ ಸರಿದರೆ ಹಿಡಿದುಕೊಳ್ಳಲು ನನಗಿರುವುದು ಎರಡೇ ಕೈ, ಅದನ್ನು ನೆನಪಿಟ್ಟುಕೊಂಡು ಬಾ.

ನಿನ್ನ ಕಣ್ಣಿಗೆ ಇನ್ನೂ ನೂರು ತಲೆ ನೋಡುವ ಬಲ ಇರಲಿ. ನಿನ್ನ ಕೈ ಎಂದೂ ತಪ್ಪದಿರಲಿ, ಅವತ್ತೂ ತಪ್ಪಿರಲಿಲ್ಲ.

ನಿನ್ನ ಏಳನೇ ನಂಬರು,
ಶ್ವೇತ

ಬುಧವಾರ, ಜುಲೈ ಹನ್ನೆರಡು, ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್. ಕೆಂಗೇರಿಯಲ್ಲಿ ಇಳಿಯುತ್ತೇವೆ.